ಊರು ಬಿಟ್ಟವರು, ಊರಲ್ಲೇ ಪರದೇಶಿಗಳಾದವರು: ಬಾಸೆಲ್ ಮಿಶನ್ ಚರಿತ್ರೆಯಲ್ಲಿ ಸಂಸ್ಕೃತಿಯ ಆಘಾತ

ಸೇವೆಗಾಗಿ ಸ್ವಂತ ನಾಡನ್ನು ಬಿಟ್ಟು ಹೋಗುವವರನ್ನು ನಮ್ಮ ಸಭೆಗಳು ಪ್ರಾರ್ಥನೆಯೊಡನೆ ಕಳುಹಿಸಿಕೊಡುತ್ತವೆ. ಹೋದವರು ಅಲ್ಲಿನ ನೆಲ, ನುಡಿ, ಊಟಗಳಿಗೆ ಹೇಗೆ ಹೊಂದಿಕೊಂಡರು ಎಂದು ವಿಚಾರಿಸುವ ರೂಢಿ ಮಾತ್ರ ನಮ್ಮಲ್ಲಿ ಕಡಿಮೆ. ಕರೆ ಇದ್ದವನಿಗೆ ಕೃಪೆಯೂ ಇರುತ್ತದೆ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಮಾತು ಸತ್ಯವೇ ಆದರೂ ಸಭೆಯ ಹೊಣೆಯನ್ನು ಅದು ಇಳಿಸುವುದಿಲ್ಲ. ಕನ್ನಡ ನಾಡಿನ ಪ್ರೊಟೆಸ್ಟಂಟ್ ಸಭೆಗಳ ಒಂದು ದೊಡ್ಡ ಭಾಗಕ್ಕೆ ಮೂಲವಾದ ಬಾಸೆಲ್ ಮಿಶನ್ನಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ ನಮಗೆ ಕಲಿಯುವುದಕ್ಕೆ ಬಹಳಷ್ಟಿದೆ.

‘ಸಂಸ್ಕೃತಿಯ ಆಘಾತ’ ಎಂಬ ಮಾತನ್ನು ಪ್ರಚಾರಕ್ಕೆ ತಂದವರಲ್ಲಿ ಕೆನಡಾ ಮೂಲದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ ಪ್ರಮುಖರು. 1954ರಲ್ಲಿ ಬ್ರೆಜಿಲಿನಲ್ಲಿ ಅವರು ಮಾಡಿದ ಭಾಷಣವು 1960ರಲ್ಲಿ ‘ಪ್ರ್ಯಾಕ್ಟಿಕಲ್ ಆಂತ್ರಪಾಲಜಿ’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಮಿಶನರಿಗಳೇ ಆಗಿದ್ದರೆಂಬುದು ಗಮನಾರ್ಹ. ಯಾರಿಗೆ ಯಾವಾಗ ನಮಸ್ಕರಿಸಬೇಕು, ಯಾವ ಮಾತನ್ನು ನಿಜವೆಂದು ತೆಗೆದುಕೊಳ್ಳಬೇಕು, ಯಾವುದನ್ನು ಉಪಚಾರವೆಂದು ಬಿಡಬೇಕು ಎಂಬಂತಹ ಸಣ್ಣ ಸಣ್ಣ ಗುರುತುಗಳ ಮೇಲೆ ನಮ್ಮ ನಿತ್ಯಜೀವನ ನಿಂತಿದೆ. ಅವು ಒಮ್ಮೆಲೇ ಇಲ್ಲವಾದಾಗ ಮನುಷ್ಯನು ಕಂಗೆಡುತ್ತಾನೆಂಬುದು ಓಬರ್ಗರ ವಿವರಣೆ. ಮೊದಲು ಬೆರಗು, ಬಳಿಕ ಸಿಟ್ಟು ಮತ್ತು ತಿರಸ್ಕಾರ, ಆಮೇಲೆ ನಿಧಾನವಾದ ಹೊಂದಾಣಿಕೆ, ಕೊನೆಗೆ ಸ್ವೀಕಾರ ಎಂದು ಅವರು ನಾಲ್ಕು ಹಂತಗಳನ್ನು ಗುರುತಿಸಿದರು. ಎರಡನೆಯ ಹಂತದಲ್ಲಿ ಪರದೇಶಿಗಳು ತಮ್ಮವರೊಡನೆ ಗುಂಪುಗೂಡಿ ಸ್ಥಳೀಯರನ್ನು ಆಡಿಕೊಳ್ಳುತ್ತಾರೆ, ಕುಡಿಯುವ ನೀರಿನ ಬಗ್ಗೆಯೂ ಶುಚಿಯ ಬಗ್ಗೆಯೂ ಅತಿಯಾಗಿ ಅಂಜುತ್ತಾರೆ ಎಂದೂ ಅವರು ಬರೆದರು. ಹೆಸರು ಹೊಸದು, ಅನುಭವ ಹಳೆಯದು. ಅದಕ್ಕೆ ಹೆಸರೇ ಇಲ್ಲದಿದ್ದ ಕಾಲದಲ್ಲಿ ನಮ್ಮ ಕರಾವಳಿಗೆ ಬಂದವರ ಕಡೆಗೆ ಈಗ ತಿರುಗೋಣ.

1. ಬಂದವರು

ಈಸ್ಟ್ ಇಂಡಿಯಾ ಕಂಪೆನಿಯ 1833ರ ಸನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮುವೇಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೆಹ್ನರ್ ಮತ್ತು ಕ್ರಿಸ್ಟಿಯಾನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಮಂಗಳೂರನ್ನು ತಲುಪಿದರು. ಸುಯೆಜ್ ಕಾಲುವೆ ಇಲ್ಲದ ದಿನಗಳವು. ಆಫ್ರಿಕಾವನ್ನು ಸುತ್ತಿ ಬರುವ ಪ್ರಯಾಣವೂ, ಬರೆದ ಪತ್ರಕ್ಕೆ ಉತ್ತರ ದೊರೆಯುವುದೂ ತಿಂಗಳುಗಟ್ಟಲೆಯ ಮಾತಾಗಿತ್ತು.

ಮಂಗಳೂರಿನಲ್ಲಿ ಅವರಿಗೆ ಎದುರಾದದ್ದು ಒಂದು ಭಾಷೆಯಲ್ಲ. ಬೀದಿಯಲ್ಲಿ ಮತ್ತು ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಮತ್ತು ಬರಹದಲ್ಲಿ ಕನ್ನಡ, ಸಾರಸ್ವತರ ಹಾಗೂ ಕಥೋಲಿಕರ ಮನೆಗಳಲ್ಲಿ ಕೊಂಕಣಿ, ಅಧಿಕಾರಿಗಳೊಡನೆ ಇಂಗ್ಲಿಷ್. ತಾಯ್ನುಡಿಯಾದ ಜರ್ಮನ್ ಪರಸ್ಪರ ಮಾತಿಗೆ ಮಾತ್ರ ಉಳಿಯಿತು. ಬಂದವರು ಈ ಸ್ಥಿತಿಗೆ ಒಂದೇ ರೀತಿಯಲ್ಲಿ ಸ್ಪಂದಿಸಲಿಲ್ಲ. ಗ್ರೈನರ್ ತುಳುವನ್ನು ಆರಿಸಿಕೊಂಡರು. ಅವರೂ ಅಮ್ಮನ್ ಅವರೂ ದುಡಿದುದರ ಫಲವಾಗಿ 1847ರಲ್ಲಿ ತುಳು ಹೊಸ ಒಡಂಬಡಿಕೆ ಪ್ರಕಟವಾಯಿತು. ಹೆಬಿಕ್ ಕಣ್ಣೂರಿಗೆ ಹೋಗಿ, ಹೆಚ್ಚಾಗಿ ದುಭಾಷಿಗಳ ನೆರವಿನಿಂದ ಸಾರುತ್ತಾ, ಅಲ್ಲಿದ್ದ ಸೈನಿಕರ ನಡುವೆಯೂ ಸೇವೆಮಾಡಿದರು. ಒಬ್ಬರು ಕಿವಿಯನ್ನು ಪಳಗಿಸಿಕೊಂಡರು, ಇನ್ನೊಬ್ಬರು ದನಿಯನ್ನು ನೆಚ್ಚಿದರು. ಇಬ್ಬರ ಸೇವೆಯಿಂದಲೂ ಸಭೆಗಳು ಹುಟ್ಟಿದವು. ಆದುದರಿಂದ ಹೊಂದಾಣಿಕೆಗೆ ಒಂದೇ ಮಾದರಿಯುಂಟೆಂದು ನಾವು ಹೇಳಲಾರೆವು.

1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಮೂರನೆಯ ದಾರಿಯನ್ನು ತೋರಿಸಿದರು. ಅವರು ಈ ನಾಡಿನ ಸಾಹಿತ್ಯದೊಳಕ್ಕೆ ಪ್ರವೇಶಿಸಿದರು. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚುಮಾಡಿಸಿದರು. ಸುವಾರ್ತೆಯನ್ನು ಸಾರಲು ಬಂದವನು ವೈಷ್ಣವರ ಮತ್ತು ವೀರಶೈವರ ಗ್ರಂಥಗಳನ್ನು ಏಕೆ ಅಚ್ಚುಹಾಕಿಸಬೇಕು ಎಂಬ ಪ್ರಶ್ನೆ ಸಹಜವೇ. ಅಪರಿಚಿತ ನಾಡಿನಲ್ಲಿ ಕಳೆದುಹೋದ ಗುರುತುಗಳನ್ನು ಮರಳಿ ಪಡೆಯಬೇಕಾದರೆ ಆ ನಾಡಿನ ಜನರು ತಮ್ಮ ಮಕ್ಕಳಿಗೆ ಏನನ್ನು ಹಾಡಿ ಕಲಿಸುತ್ತಾರೆಂಬುದನ್ನು ಅರಿಯಬೇಕು. ಮೋಗ್ಲಿಂಗರ ಶ್ರಮದಲ್ಲಿ ಈ ತಿಳಿವಳಿಕೆ ಅಡಗಿದೆಯೆಂದು ನಮಗೆ ತೋರುತ್ತದೆ.

2. ಅತಿಯಾಗಿ ಹತ್ತಿರವಾದವರು

ಹೊಂದಿಕೊಳ್ಳಲಾರದವರ ಕಷ್ಟವನ್ನು ಎಲ್ಲರೂ ಬಲ್ಲರು. ಹೊಂದಿಕೊಳ್ಳಲು ಬಯಸಿದವರಿಗೂ ಕಷ್ಟವುಂಟೆಂಬುದನ್ನು ಫರ್ಡಿನಾಂಡ್ ಕಿಟ್ಟೆಲರ ಜೀವನ ತೋರಿಸುತ್ತದೆ. 1853ರಲ್ಲಿ ಬಂದ ಈ ಯುವಕನು ಭಾರತೀಯರಿಗೆ ಭಾರತೀಯನಾಗಬೇಕೆಂದು ಹಂಬಲಿಸಿ ಕಾಲ್ನಡಿಗೆಯಲ್ಲಿ ನಾಡನ್ನು ಸುತ್ತಿದನು. ಯೆಹೂದ್ಯರಿಗೆ ಯೆಹೂದ್ಯನಂತಾದ ಪೌಲನ ಮಾದರಿ ಆತನ ಕಣ್ಮುಂದಿತ್ತು. ಹಿರಿಯರಿಗೂ ಬಾಸೆಲಿನ ಸಮಿತಿಗೂ ಇದು ಹಿಡಿಸಲಿಲ್ಲ. ಮಿಶನರಿಗೆ ಒಂದು ಮನೆ, ಒಂದು ದಿನಚರಿ, ಒಂದು ಶಿಸ್ತು ಇರಬೇಕೆಂಬುದು ಅವರ ಎಣಿಕೆ. ತನ್ನವರ ನಡುವೆಯೇ ಕಿಟ್ಟೆಲ್ ಹೊರಗಿನವರಾದರು. ಆಘಾತವು ಪರರಿಂದ ಮಾತ್ರ ಬರುವುದಲ್ಲ. ಕಳುಹಿಸಿದವರ ನಿರೀಕ್ಷೆಯಿಂದಲೂ ಬರುತ್ತದೆ.

ಅವರು ಮುದ್ರಣಾಲಯ, ಶಾಲೆ, ಭಾಷಾಕಾರ್ಯಗಳ ಕಡೆಗೆ ಸರಿದರು. 1862ರಲ್ಲಿ ಯೇಸುವಿನ ಜೀವನವನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ ಬಂದಿತು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಅವರು ಸಂಪಾದಿಸಿದರು. 1894ರಲ್ಲಿ 1,700 ಪುಟಗಳನ್ನು ಮೀರಿದ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕೊನೆಯ ದಿನಗಳನ್ನು ಟ್ಯೂಬಿಂಗೆನ್ನಿನಲ್ಲಿ ಕಳೆದು 1903ರಲ್ಲಿ ಅವರು ತೀರಿಕೊಂಡರು. ಕನ್ನಡಿಗರು ಇಂದಿಗೂ ನೆನೆಯುವ ಆ ಕಾರ್ಯವು ಮಿಶನ್ ಬಯಸಿದ ಯಶಸ್ಸಿನ ಮಾದರಿಗೆ ಹೊಂದುವಂಥದ್ದಾಗಿರಲಿಲ್ಲ. ನಮ್ಮ ವಾರ್ಷಿಕ ವರದಿಗಳನ್ನು ಬರೆಯುವಾಗ ಈ ಸಂಗತಿಯನ್ನು ಮರೆಯಬಾರದು.

ವರದಿಗಳಲ್ಲಿ ಕಾಣದವರು ಮಕ್ಕಳು. ಮಿಶನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯೂರೋಪಿಗೆ ಕಳುಹಿಸುವ ಪದ್ಧತಿಯಿತ್ತು. ಅದಕ್ಕಾಗಿ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ನಿಲಯವೊಂದು ತೆರೆಯಿತು. ಹೆರ್ಮನ್ ಗುಂಡರ್ಟರ ಮಗಳು ಮರಿಯ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಬಾಲ್ಯವನ್ನು ತಂದೆತಾಯಿಗಳಿಂದ ದೂರವಾಗಿ ಯೂರೋಪಿನಲ್ಲಿ ಕಳೆದು, 1857ರಲ್ಲಿ ಹದಿಹರೆಯದವಳಾಗಿ ಮರಳಿದಳು. ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿ ಈಕೆಯೇ. ಇಂತಹ ಮಕ್ಕಳಿಗೆ ಹುಟ್ಟಿದೂರು ಯಾವುದು, ಪರವೂರು ಯಾವುದು? ಕರೆಯನ್ನು ಸ್ವೀಕರಿಸಿದವರು ತಂದೆತಾಯಿಗಳು, ಬೆಲೆಯನ್ನು ತೆತ್ತವರಲ್ಲಿ ಮಕ್ಕಳೂ ಸೇರಿದ್ದರು.

3. ಇಲ್ಲಿಂದ ಹೋದವರು

ಈ ಚರಿತ್ರೆಯನ್ನು ಪಡುವಣದಿಂದ ಮೂಡಣಕ್ಕೆ ಬಂದವರ ಕಥೆಯಾಗಿ ಮಾತ್ರ ಹೇಳುವುದು ನಮ್ಮಲ್ಲಿ ವಾಡಿಕೆ. ಎದುರು ದಿಕ್ಕಿನಲ್ಲಿ ನಡೆದವರೂ ಉಂಟು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎಂಬ ಹೆಸರನ್ನೂ ಪಡೆದರು. ಎರಡು ವರ್ಷಗಳ ಬಳಿಕ ಮೋಗ್ಲಿಂಗರೊಡನೆ ಯೂರೋಪಿಗೆ ಹೋಗಿ ಬಾಸೆಲಿನ ಸೆಮಿನರಿಯಲ್ಲಿ ಓದಿ 1851ರಲ್ಲಿ ಅಭಿಷಿಕ್ತರಾಗಿ ಮರಳಿದರು. ಸಮುದ್ರವನ್ನು ದಾಟುವುದೇ ದೋಷವೆಂದು ಎಣಿಸುತ್ತಿದ್ದ ಕುಲದವರು, ಹಿಮ ಬೀಳುವ ನಾಡಿನಲ್ಲಿ ಜರ್ಮನ್ ಭಾಷೆಯಲ್ಲಿ ದೈವಶಾಸ್ತ್ರವನ್ನು ಕಲಿತರು. ಮರಳಿ ಬಂದಾಗ ಹಳೆಯ ಬಳಗ ಅವರದಾಗಿರಲಿಲ್ಲ. ಮಿಶನರಿಗಳ ಬಳಗದಲ್ಲಿ ಅವರೊಬ್ಬರೇ ಈ ಮಣ್ಣಿನವರು. ಎರಡು ಹೆಸರುಗಳನ್ನು ಹೊತ್ತು ಎರಡು ಲೋಕಗಳ ನಡುವೆ ಅವರು ಜೀವಮಾನವೆಲ್ಲ ಸೇವೆಮಾಡಿದರು. ಕೊಡಗಿನ ಆನಂದಪುರಕ್ಕೆ ಅವರ ಹೆಸರೇ ನಿಂತಿದೆ. ಅಲ್ಲಿ ನೆಲೆಸಿದವರು ಜಾತಿಯ ಏಣಿಯಲ್ಲಿ ಅತಿ ಕೆಳಗೆ ತಳ್ಳಲ್ಪಟ್ಟಿದ್ದ ಜನರು. ಬಾಸೆಲಿಗಿಂತಲೂ ದೂರದ ಪ್ರಯಾಣ ಇದೇ ಎಂದು ನಾವು ಹೇಳಿದರೆ ತಪ್ಪಾಗದು.

4. ಹೋಗದೆಯೇ ಹೊರಗಾದವರು

ಇಲ್ಲಿ ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ. ಈ ಚರಿತ್ರೆಯಲ್ಲಿ ಅತಿ ದೊಡ್ಡ ಆಘಾತವನ್ನು ಅನುಭವಿಸಿದವರು ಹಡಗು ಹತ್ತಿದವರಲ್ಲ, ಹುಟ್ಟಿದ ಊರಿನಲ್ಲಿಯೇ ಕ್ರೈಸ್ತರಾದವರು. ದೀಕ್ಷಾಸ್ನಾನದ ಮರುದಿನ ಬಾವಿಯ ನೀರು, ಮನೆಯ ಅಂಗಳ, ಕುಲಕಸುಬು, ಮದುವೆಯ ನಂಟು, ಸತ್ತಾಗ ಹೆಗಲು ಕೊಡುವ ಜನ, ಒಂದೊಂದೂ ಪ್ರಶ್ನೆಯಾಯಿತು. ಮತಾಂತರದಿಂದ ಆಸ್ತಿಯ ಹಕ್ಕು ತಪ್ಪಬಾರದೆಂದು 1850ರಲ್ಲಿ ಕಾನೂನನ್ನೇ ಮಾಡಬೇಕಾಯಿತೆಂಬುದರಿಂದ ಆ ನಷ್ಟದ ಪ್ರಮಾಣವನ್ನು ಊಹಿಸಬಹುದು. ಓಬರ್ಗರು ಹೇಳಿದ ಗುರುತುಗಳೆಲ್ಲ ಇವರಿಂದಲೂ ಕಳಚಿಕೊಂಡವು. ಮಿಶನರಿಗೆ ಮರಳಿ ಹೋಗಲು ಒಂದು ದೇಶವಿತ್ತು. ಇವರಿಗೆ ಮರಳುವ ಹಾದಿಯಿರಲಿಲ್ಲ.

ಮಿಶನ್ ಈ ನೋವಿಗೆ ಉಪದೇಶದಿಂದ ಮಾತ್ರ ಉತ್ತರಿಸಲಿಲ್ಲವೆಂಬುದು ಅದರ ಹಿರಿಮೆ. ನೇಯ್ಗೆಯ ಶಾಲೆ, ಮುದ್ರಣಾಲಯ, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವೆಲ್ಲ ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡುವ ಅಗತ್ಯದಿಂದಲೂ ಹುಟ್ಟಿದವು. ಮಂಗಳೂರು ಹೆಂಚಿನ ಕೆಳಗೆ ವಾಸಿಸುವ ನಾವು ಆ ಹೆಂಚಿನ ಹಿಂದೆ ಮನೆ ಕಳೆದುಕೊಂಡವರ ಬದುಕೂ ಇದೆಯೆಂಬುದನ್ನು ನೆನೆಯಬೇಕು. ಇದಕ್ಕೆ ಇನ್ನೊಂದು ಮುಖವೂ ಇದೆ. ಸಭೆಯೂ ಶಾಲೆಯೂ ಕಾರ್ಖಾನೆಯೂ ಒಂದೇ ಕೈಯಲ್ಲಿದ್ದಾಗ, ಕೆಲಸ ಕೊಟ್ಟವನೇ ಶಿಸ್ತಿನ ಅಧಿಕಾರಿಯೂ ಆದನು. ಆಶ್ರಯವು ನಿಧಾನವಾಗಿ ಆವರಣವಾಯಿತು. ಹೊಸ ಮನೆಯನ್ನು ಪಡೆದವರು ಹಳೆಯ ನೆರೆಹೊರೆಯಿಂದ ಇನ್ನಷ್ಟು ದೂರವಾದರು.

5. ಯೊಪ್ಪದ ಮಾಳಿಗೆ

ದೇವರ ವಾಕ್ಯದಲ್ಲಿ ಈ ವಿಷಯಕ್ಕೆ ಸಮೀಪವಾದ ಭಾಗ ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯ. ಹಸಿದ ಪೇತ್ರನಿಗೆ ಯೊಪ್ಪದ ಮಾಳಿಗೆಯ ಮೇಲೆ ದರ್ಶನವಾಗುತ್ತದೆ. ದರ್ಶನದ ವಸ್ತು ಊಟ. ತಿನ್ನಬಾರದ್ದನ್ನು ತಾನೆಂದೂ ತಿಂದವನಲ್ಲವೆಂದು ಅವನು ಕರ್ತನಿಗೇ ಎದುರು ನುಡಿಯುತ್ತಾನೆ. ಅವನ ಧರ್ಮವು ನಾಲಿಗೆಯಲ್ಲಿಯೂ ಹೊಟ್ಟೆಯಲ್ಲಿಯೂ ನೆಲೆಸಿತ್ತು. ಆಘಾತವೂ ಅಲ್ಲಿಯೇ ಆಯಿತು. ದೇವರು ಆ ಮುಜುಗರವನ್ನು ಪಾಪವೆಂದು ಖಂಡಿಸಲಿಲ್ಲ. ಮೂರು ಸಾರಿ ತಾಳ್ಮೆಯಿಂದ ತೋರಿಸಿ, ಬಳಿಕ ಬಾಗಿಲಿಗೆ ಅತಿಥಿಗಳನ್ನು ಕಳುಹಿಸಿದನು. ಪೇತ್ರನು ಮೊದಲು ಅವರನ್ನು ಒಳಕ್ಕೆ ಕರೆದು ಉಪಚರಿಸಿದನು, ಮರುದಿನ ಅವರೊಡನೆ ಹೊರಟು ಕೊರ್ನೇಲ್ಯನ ಮನೆಯನ್ನು ಹೊಕ್ಕನು. ಆ ಮನೆಯಲ್ಲಿ ಬದಲಾದವನು ಕೊರ್ನೇಲ್ಯನೊಬ್ಬನೇ ಅಲ್ಲ.

ಈ ಬೆಳಕಿನಲ್ಲಿ ನೋಡಿದಾಗ ಸಂಸ್ಕೃತಿಯ ಆಘಾತವು ಸೇವೆಗೆ ಅಡ್ಡಬಂದ ಕಾಯಿಲೆಯಾಗಿ ಮಾತ್ರ ಕಾಣುವುದಿಲ್ಲ. ನಾವು ಸುವಾರ್ತೆಯೆಂದು ಭಾವಿಸಿದ್ದರಲ್ಲಿ ನಮ್ಮ ಊರಿನ ರೂಢಿ ಎಷ್ಟಿದೆ ಎಂಬುದನ್ನು ಅದು ಒರೆಗೆ ಹಚ್ಚುತ್ತದೆ. ಆದರೆ ನೋವಿನಿಂದ ಕಲಿಯಬಹುದೆಂಬ ಕಾರಣಕ್ಕೆ ನೋವನ್ನು ಒಬ್ಬರ ತಲೆಯ ಮೇಲೆ ಹೊರಿಸಿ ನೋಡುತ್ತಾ ನಿಲ್ಲುವುದು ಸಭೆಗೆ ತಕ್ಕದ್ದಲ್ಲ.

ಇಂದು ನಮ್ಮ ಸಭಾಪಾಲಕರು ಕೊಲ್ಲಿ ರಾಷ್ಟ್ರಗಳ ಕನ್ನಡ ಸಭೆಗಳಿಗೂ ಜರ್ಮನಿಯ ಸಭೆಗಳಿಗೂ ಹೋಗುತ್ತಾರೆ. ಬೀದರದ ವಿದ್ಯಾರ್ಥಿ ಮಂಗಳೂರಿಗೆ ಓದಲು ಬಂದಾಗ ಜೋಳದ ರೊಟ್ಟಿಯ ಬದಲು ಕುಚ್ಚಲಕ್ಕಿಯ ಅನ್ನವೂ, ಬಸ್ಸಿನಲ್ಲಿ ಅರ್ಥವಾಗದ ತುಳುವೂ ಎದುರಾಗುತ್ತವೆ. ಒಂದೇ ರಾಜ್ಯದೊಳಗೆ ಅವನು ಪರದೇಶಿ. ನಮ್ಮ ಚರಿತ್ರೆಯಿಂದ ನಾಲ್ಕು ಕರ್ತವ್ಯಗಳು ಹೊರಡುತ್ತವೆ. ಕಳುಹಿಸುವ ಸಭೆಯು ಮೊದಲ ವರ್ಷದಲ್ಲಿ ಸಾಧನೆಯ ವರದಿಯನ್ನು ಕೇಳದೆ ಭಾಷೆ ಕಲಿಯಲು ಬಿಡುವು ಕೊಡಲಿ. ಬೇಸರವನ್ನು ತೋಡಿಕೊಂಡವನನ್ನು ಕರೆ ಇಲ್ಲದವನೆಂದು ತೀರ್ಮಾನಿಸದಿರಲಿ. ಹೋಗುವವನ ಮಡದಿಮಕ್ಕಳ ಮಾತನ್ನು ಹೊರಡುವ ಮೊದಲೇ ಕೇಳಲಿ. ಬರಮಾಡಿಕೊಳ್ಳುವ ಸಭೆಯು, ತನ್ನ ಊರಿನಲ್ಲಿಯೇ ವಿಶ್ವಾಸದ ನಿಮಿತ್ತ ಒಂಟಿಯಾದವರನ್ನು ದೂರದಿಂದ ಬಂದ ಅತಿಥಿಗಿಂತ ಮೊದಲು ಊಟಕ್ಕೆ ಕರೆಯಲಿ. ಅತಿಥಿಗೆ ವಂದನಾರ್ಪಣೆಯೂ ಹಾರವೂ ಸಿಗುತ್ತವೆ. ಇವರಿಗೆ ಎಷ್ಟೋ ವೇಳೆ ಒಂದು ತಟ್ಟೆ ಅನ್ನವೇ ಸಭೆಯ ಗುರುತು.