ಆಪತ್ಕಾಲದ ಕೊಡೆಗಳು: ಇಳಿವೇಗದ ವಿಚಾರ

ಪ್ಯಾರಷೂಟು ಬಿಚ್ಚಿಕೊಂಡಿತೆಂದರೆ ಪ್ರಾಣವುಳಿಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆ ಬಳಿಕವೂ ಒಂದು ಪ್ರಶ್ನೆ ಉಳಿಯುತ್ತದೆ: ಅದು ಮನುಷ್ಯನನ್ನು ಎಷ್ಟು ವೇಗದಿಂದ ನೆಲಕ್ಕೆ ಮುಟ್ಟಿಸುತ್ತದೆ?

1797ನೆಯ ಅಕ್ಟೋಬರ್ 22ರಂದು ಪ್ಯಾರಿಸ್ ನಗರದಲ್ಲಿ ಗಾರ್ನೆರಾನ್ ಎಂಬಾತನು ಬೆಲೂನಿನಿಂದ ರೇಷ್ಮೆಯ ಕೊಡೆಯೊಡನೆ ಇಳಿದನು. ಕೊಡೆಯು ಲೋಲಕದಂತೆ ಬಲವಾಗಿ ತೂಗಾಡಿತಾದರೂ ಆತನು ಬದುಕಿದನು. ಈ ತೂಗಾಟವನ್ನು ತಪ್ಪಿಸಲೆಂದು ಇಂಗ್ಲೆಂಡಿನ ರಾಬರ್ಟ್ ಕಾಕಿಂಗನು, ಬಾಯಿ ಮೇಲಾದ ಆಲಿಕೆಯಂತಹ ಕೊಡೆಯೊಂದನ್ನು ರಚಿಸಿದನು. ಅದರ ಚೌಕಟ್ಟಿನ ಭಾರವು ಸರಿಯಾಗಿ ಲೆಕ್ಕಕ್ಕೆ ಬರಲಿಲ್ಲ. 1837ನೆಯ ಜುಲೈ 24ರಂದು ಕೊಡೆಯು ಗಾಳಿಯಲ್ಲೇ ಮುರಿದು, ಆತನು ಮೃತನಾದನು.

ಇಳಿವೇಗದ ನಿಯಮವು ಸರಳವಾದುದು. ಒಂದೇ ಆಕಾರದ ಕೊಡೆಗೆ ನಾಲ್ಕು ಪಾಲು ಭಾರವನ್ನು ಕಟ್ಟಿದರೆ ವೇಗವು ಇಮ್ಮಡಿಯಾಗುತ್ತದೆ. ವ್ಯಾಸವನ್ನು ಇಮ್ಮಡಿಗೊಳಿಸಿದರೆ ವೇಗವು ಅರ್ಧವಾಗುತ್ತದೆ.

1919ನೆಯ ಏಪ್ರಿಲ್ 28ರಂದು ಅಮೆರಿಕದ ಲೆಸ್ಲಿ ಅರ್ವಿನನು ವಿಮಾನದಿಂದ ಹಾರಿ, ಬೀಳುತ್ತಿರುವಾಗಲೇ ತನ್ನ ಕೈಯಿಂದ ಕೊಡೆಯನ್ನು ಬಿಚ್ಚಿದನು. ಬೀಳುವವನಿಗೆ ಪ್ರಜ್ಞೆ ತಪ್ಪುವುದೆಂಬ ಭಯವು ಅಂದು ಸುಳ್ಳಾಯಿತು. ಆದರೆ ಆಕಾಶವನ್ನು ಗೆದ್ದ ಆತನ ಕಾಲಿನ ಹರಡು ನೆಲ ಮುಟ್ಟುವಾಗ ಮುರಿಯಿತು!

ಎರಡನೆಯ ಮಹಾಯುದ್ಧದ ಕಾಲದಲ್ಲಿ ವೈಮಾನಿಕರಿಗೆ 24 ಅಡಿ ಮತ್ತು 28 ಅಡಿ ವ್ಯಾಸದ ದುಂಡುಕೊಡೆಗಳು ಬಳಕೆಯಲ್ಲಿದ್ದುವು. ದೊಡ್ಡ ಕೊಡೆಯು ಒಬ್ಬನನ್ನು ಸೆಕೆಂಡಿಗೆ 20 ಅಡಿ ವೇಗದಲ್ಲಿ ಇಳಿಸಿದರೆ, ಅದೇ ಮಾದರಿಯ ಚಿಕ್ಕದು ಆತನನ್ನು ಸುಮಾರು 23 ಅಡಿ ವೇಗದಲ್ಲಿ ಇಳಿಸುತ್ತದೆ. ಮೊದಲನೆಯದು ಆರಡಿ ಗೋಡೆಯಿಂದ ಧುಮುಕಿದಂತೆ. ಎರಡನೆಯದು ಎಂಟೂವರೆ ಅಡಿಯಿಂದ. ವೇಗದ ಅಲ್ಪ ಭೇದವೂ ಕಾಲಿಗೆ ಅಲ್ಪವಲ್ಲ. ಹಾಗಾದರೆ ದೊಡ್ಡ ಕೊಡೆಯನ್ನೇ ಎಲ್ಲರಿಗೂ ಏಕೆ ಕೊಡಬಾರದು? ಅದರ ಗಂಟು ದೊಡ್ಡದು, ವೈಮಾನಿಕನ ಆಸನವಾದರೋ ಇಕ್ಕಟ್ಟು. ಅರಳಲೂ ಅದಕ್ಕೆ ಹೆಚ್ಚು ಕಾಲ ಬೇಕು. ನೆಲವು ಸಮೀಪಿಸಿರುವಾಗ ಆ ಕಾಲವೇ ಪ್ರಾಣದ ಬೆಲೆ.

1964ರಲ್ಲಿ ಡೊಮಿನಾ ಜಾಲ್ಬರ್ಟನು ಗಾಳಿ ತುಂಬಿ ರೆಕ್ಕೆಯಾಗುವ ಚೌಕಕೊಡೆಯನ್ನು ಕಂಡುಹಿಡಿದನು. ಪಳಗಿದವನು ಇದರ ಹಗ್ಗಗಳನ್ನು ಸಕಾಲದಲ್ಲಿ ಎಳೆದು, ಹಕ್ಕಿಯಂತೆ ಮೆಲ್ಲನೆ ನೆಲಕ್ಕಿಳಿಯಬಲ್ಲನು. ಪಳಗದವನ, ಮೂರ್ಛೆ ಹೋದವನ ಗತಿಯೇನು? ದುಂಡುಕೊಡೆಯು ಇಳಿಯುವವನಿಂದ ಯಾವ ಜಾಣತನವನ್ನೂ ಬೇಡುವುದಿಲ್ಲ. ಆದುದರಿಂದಲೇ ಆಪತ್ಕಾಲಕ್ಕೆ ಇಂದಿಗೂ ಅದು ಉಳಿದುಬಂದಿದೆ. ಅತ್ಯಂತ ಮೆಲ್ಲನೆ ಇಳಿಸುವುದಕ್ಕಿಂತಲೂ, ಅತ್ಯಂತ ಅಸಹಾಯನನ್ನು ಇಳಿಸುವುದೇ ಅದರ ಧರ್ಮವೆಂದು ನಾವು ತಿಳಿಯಬೇಕು.