ಅಕ್ಷರ ಬೇರೆ, ಅಲಂಕಾರ ಬೇರೆ

ನೋಟ್‌ಪ್ಯಾಡ್ ತೆರೆದು ಒಂದು ಶೀರ್ಷಿಕೆ, ಎರಡು ಪ್ಯಾರಾ, ಒಂದು ಕೊಂಡಿ ಬರೆದು ಬ್ರೌಸರಿನಲ್ಲಿ ತೆರೆದರೆ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ, ಅಡಿಗೆರೆ ಎಳೆದ ನೀಲಿ ಕೊಂಡಿ ಕಾಣುತ್ತದೆ. ವೆಬ್ ಕಲಿಯುವವರ ಮೊದಲ ಪುಟ ಹೀಗೆಯೇ. ಬಹಳ ಜನಕ್ಕೆ ಅದು ಬೋಳು ಅನ್ನಿಸಿ ಬಣ್ಣ ಬಳಿಯುವ ಆತುರ ಹುಟ್ಟುತ್ತದೆ. ಆ ಬೋಳು ಪುಟವನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಪುಟ ಕಟ್ಟುವ ವಿದ್ಯೆ ಮೂರು ದಶಕ ಸುತ್ತಾಡಿ ಮತ್ತೆ ಬಂದು ನಿಂತಿರುವುದು ಅದರ ಹತ್ತಿರವೇ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್‌ನ ಯೋಜನೆ ಮುಂದಿಟ್ಟದ್ದು 1989ರಲ್ಲಿ. ಅಲ್ಲಿನ ವಿಜ್ಞಾನಿಗಳ ಮೇಜಿನ ಮೇಲೆ ಬಗೆಬಗೆಯ ಕಂಪ್ಯೂಟರುಗಳಿದ್ದವು. ಒಂದೇ ಪುಟ ಎಲ್ಲದರಲ್ಲೂ ಓದಲು ಸಿಗಬೇಕಿತ್ತು. ಹಾಗಾಗಿ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಗುರುತು ಹಾಕುವುದಷ್ಟೇ ಬರೆಯುವವರ ಕೆಲಸವಾಯಿತು. ತೋರಿಸುವ ಹೊಣೆ ಯಂತ್ರದ್ದು. ಈ ಗುರುತುಗಳೇ ಟ್ಯಾಗುಗಳು, ಅವುಗಳ ಭಾಷೆಯೇ ಎಚ್‌ಟಿಎಂಎಲ್. 1991ರ ಕೊನೆಯ ಹೊತ್ತಿಗೆ ಪಟ್ಟಿಮಾಡಿದ್ದ ಎಚ್‌ಟಿಎಂಎಲ್ ಟ್ಯಾಗುಗಳು ಬರೀ 18. ಅವುಗಳಲ್ಲಿ ಬಣ್ಣಕ್ಕೆ ಒಂದೂ ಇರಲಿಲ್ಲ, ಚಿತ್ರಕ್ಕೂ ಇರಲಿಲ್ಲ. ಅಕ್ಷರದ ನಡುವೆಯೇ ಚಿತ್ರ ಕೂರಿಸಿ ತೋರಿಸುವುದನ್ನು ಜನಪ್ರಿಯಗೊಳಿಸಿದ್ದು 1993ರ ಮೊಸಾಯಿಕ್ ಬ್ರೌಸರ್. ಅದೇ ವರ್ಷದ ಏಪ್ರಿಲ್ 30ರಂದು ಸರ್ನ್ ವೆಬ್ ತಂತ್ರಜ್ಞಾನವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

ಜನ ಬಂದರು, ಅಂಗಡಿಗಳೂ ಬಂದವು. ಪುಟ ಚೆಂದ ಕಾಣಬೇಕೆಂಬ ಬೇಡಿಕೆಯೂ ಬಂತು. ಬ್ರೌಸರ್ ಕಂಪನಿಗಳು ಪೈಪೋಟಿಗೆ ಬಿದ್ದು ಹೊಸ ಹೊಸ ಟ್ಯಾಗುಗಳನ್ನು ಹುಟ್ಟಿಸಿದವು. 'ಫಾಂಟ್' ಎಂಬ ಟ್ಯಾಗಿನಿಂದ ಅಕ್ಷರದ ಬಣ್ಣ, ಗಾತ್ರಗಳನ್ನು ಬರಹದ ನಡುನಡುವೆಯೇ ತುರುಕುವುದು ರೂಢಿಯಾಯಿತು. ಅಂಕಿಅಂಶಕ್ಕೆಂದು ಇದ್ದ ಕೋಷ್ಟಕದೊಳಗೆ ಇನ್ನೊಂದು ಕೋಷ್ಟಕ, ಅದರೊಳಗೆ ಮತ್ತೊಂದು ಇಟ್ಟು ಇಡೀ ಪುಟದ ವಿನ್ಯಾಸ ಮಾಡುತ್ತಿದ್ದರು. ಜಾಗ ಬಿಡಲು ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರವನ್ನು ಎಳೆದು ಹಿಗ್ಗಿಸಿ ಕೂರಿಸುತ್ತಿದ್ದರು. 50 ಪುಟಗಳ ತಾಣದಲ್ಲಿ ಶೀರ್ಷಿಕೆಯ ಬಣ್ಣ ಬದಲಿಸಬೇಕೆಂದರೆ 50 ಕಡತಗಳನ್ನೂ ತೆರೆದು ತಿದ್ದಬೇಕಿತ್ತು.

ಇದಕ್ಕೆ ಮದ್ದು ಮೊದಲೇ ಸಿದ್ಧವಾಗುತ್ತಿತ್ತು. 1994ರ ಅಕ್ಟೋಬರಿನಲ್ಲಿ, ಸರ್ನ್‌ನಲ್ಲೇ ಇದ್ದ ನಾರ್ವೆಯ ಹೋಕನ್ ವಿಯಮ್ ಲೀ, ಅಲಂಕಾರವನ್ನು ಬೇರೆಯೇ ಹಾಳೆಯಲ್ಲಿ ಬರೆಯುವ ಕ್ರಮವೊಂದನ್ನು ಸೂಚಿಸಿದರು. ಡಚ್ ತಂತ್ರಜ್ಞ ಬರ್ಟ್ ಬಾಸ್ ಜೊತೆಗೂಡಿದರು. ಆ ಕ್ರಮವೇ ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್, ಅಂದರೆ ಸಿಎಸ್‌ಎಸ್. 1996ರ ಡಿಸೆಂಬರ್ 17ರಂದು ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಯಿತು. ಹೆಸರಿನಲ್ಲಿರುವ 'ಕ್ಯಾಸ್ಕೇಡಿಂಗ್' ಎಂಬುದು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುವ ನೀರು. ಬ್ರೌಸರಿನ ನಿಯಮ, ಓದುಗರ ಇಷ್ಟ, ಪುಟ ಕಟ್ಟಿದವರ ನಿಯಮ ಹೀಗೆ ಒಂದರ ಮೇಲೊಂದು ಹರಿದು ಪುಟದ ರೂಪ ತೀರ್ಮಾನವಾಗುತ್ತದೆ. ಪುಟದ ನೋಟದಲ್ಲಿ ಓದುಗರಿಗೂ ಪಾಲಿದೆ ಎಂಬ ಈ ಔದಾರ್ಯ ನನಗೆ ಸಿಎಸ್‌ಎಸ್‌ನ ಅತಿ ದೊಡ್ಡ ಗುಣವಾಗಿ ಕಾಣುತ್ತದೆ.

ಆದರೆ ಬ್ರೌಸರುಗಳು ಅದನ್ನು ಪಾಲಿಸಲು ವರ್ಷಗಳೇ ಹಿಡಿದವು. 200 ಪಿಕ್ಸೆಲ್ ಅಗಲದ ಪೆಟ್ಟಿಗೆಗೆ ಒಳಗೆ ಎರಡೂ ಬದಿ 20, ಅಂಚಿಗೆ 5 ಕೊಟ್ಟರೆ ನಿಯಮದಂತೆ ಒಟ್ಟು 250 ಆಗಬೇಕು; ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 200ರೊಳಗೇ ಅಡಕಿಸುತ್ತಿತ್ತು. ಕಲಿಯುವವರು ತಮ್ಮದೇ ತಪ್ಪೆಂದು ಕೊರಗಿದ ರಾತ್ರಿಗಳು ಎಷ್ಟೋ. ಇಂಥ ದಿನಗಳಲ್ಲೇ, 2003ರಲ್ಲಿ, ಡೇವ್ ಶೇ ಎಂಬ ವಿನ್ಯಾಸಕಾರ 'ಸಿಎಸ್‌ಎಸ್ ಝೆನ್ ಗಾರ್ಡನ್' ತೆರೆದರು. ಒಂದೇ ಎಚ್‌ಟಿಎಂಎಲ್ ಕಡತ. ಅದರ ಒಂದಕ್ಷರವನ್ನೂ ಮುಟ್ಟದೆ, ಬರೀ ಅಲಂಕಾರದ ಹಾಳೆ ಬದಲಿಸಿ ಯಾರು ಬೇಕಾದರೂ ತಮ್ಮ ವಿನ್ಯಾಸ ಕಳಿಸಬಹುದಿತ್ತು. ಬಂದವುಗಳಲ್ಲಿ ಒಂದಕ್ಕೊಂದು ಹೋಲಿಕೆಯೇ ಇರಲಿಲ್ಲ. ಸಾವಿರ ಪುಟದ ವಾದ ಮಾಡಲಾಗದ ಕೆಲಸವನ್ನು ಆ ತೋಟ ಮಾಡಿತು.

ಅಕ್ಷರವನ್ನೂ ಅಲಂಕಾರವನ್ನೂ ಕಲಸಿದರೆ ಏನಾಗುತ್ತದೆಂದು ಕನ್ನಡಿಗರಿಗೆ ಅನುಭವದಿಂದಲೇ ಗೊತ್ತು. ಬರಹ, ನುಡಿಯಂಥ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿಕೊಂಡಿದ್ದವು. ಪುಟದಲ್ಲಿ ಕನ್ನಡ ಕಾಣುತ್ತಿತ್ತು, ಕಡತದಲ್ಲಿ ಕನ್ನಡ ಇರಲಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕಿದರೆ ಸಿಗದು, ನಕಲಿಸಿ ಬೇರೆಡೆ ಅಂಟಿಸಿದರೆ ಉಳಿಯದು. ಇದಕ್ಕೆ ಪರಿಹಾರ, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ಮನೆಮನೆಯ ಪರದೆಗೆ ಬಂದದ್ದು ವಿಂಡೋಸ್ ಎಕ್ಸ್‌ಪಿ ತನ್ನ 'ತುಂಗಾ' ಫಾಂಟಿನೊಂದಿಗೆ ಬಂದ 2001ರ ನಂತರ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಿಂತಿರುವುದು ಇದೇ ನೆಲದ ಮೇಲೆ.

ಮುಂದಿನ ಕಥೆ ವೇಗದ್ದು. 2007ರಲ್ಲಿ ಐಫೋನ್ ಬಂತು, ಪುಟಗಳು ಅಂಗೈಯ ಪುಟ್ಟ ಪರದೆಗೂ ಇಳಿದವು. ಪರದೆಯ ಅಗಲಕ್ಕೆ ತಕ್ಕಂತೆ ಪುಟ ಬಾಗಬೇಕೆಂದು 2010ರಲ್ಲಿ ಈಥನ್ ಮಾರ್ಕಾಟ್ ಬರೆದ ಲೇಖನ ಇಡೀ ವೃತ್ತಿಯ ದಿಕ್ಕು ಬದಲಿಸಿತು. ಅಡ್ಡಸಾಲಿನ ಜೋಡಣೆಗೆ ಫ್ಲೆಕ್ಸ್‌ಬಾಕ್ಸ್ ಬಂತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ ಅಡ್ಡಸಾಲು, ಕಂಬಸಾಲು ಎರಡನ್ನೂ ಜೋಡಿಸುವ ಗ್ರಿಡ್ ವಿನ್ಯಾಸವನ್ನು ಒಳಗೊಂಡವು. ಕೋಷ್ಟಕದ ಕಸರತ್ತಿಗೆ ಅಲ್ಲಿಗೆ ಕಾರಣವೇ ಉಳಿಯಲಿಲ್ಲ.

ಇವತ್ತು ಕನ್ನಡದಲ್ಲಿ ಮೊದಲ ಪುಟ ಕಟ್ಟುವವರಿಗೆ ಇಂಗ್ಲಿಷ್ ಪಾಠಗಳು ಹೇಳದ ಒಂದೆರಡು ಸಂಗತಿಗಳಿವೆ. ಇಂಗ್ಲಿಷಿಗೆ ಸಾಲುವ ಸಾಲಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಸಾಲಿಗೆ ಡಿಕ್ಕಿ ಹೊಡೆಯುತ್ತವೆ, ಅಕ್ಷರಗಾತ್ರದ 1.6ರಿಂದ 1.8ರಷ್ಟು ಕೊಟ್ಟರೆ ಉಸಿರಾಡುತ್ತವೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಪುಟದ ಜೊತೆಗೇ ಕಳಿಸಬಹುದು, ಓದುಗರು ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಕಡತದ ತಲೆಯಲ್ಲೇ ಭಾಷೆ ಕನ್ನಡವೆಂದು ಎರಡಕ್ಷರದ ಸಂಕೇತದಲ್ಲಿ ಬರೆಯಬೇಕು. ಕಣ್ಣು ಕಾಣದವರ ಪರದೆಯೋದುಗ ತಂತ್ರಾಂಶ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ತಿಳಿಯುವುದು ಆ ಗುರುತಿನಿಂದ. ಹಳೆಯ ಫಾಂಟಿನ ಪುಟಗಳಲ್ಲಿ ಅವರಿಗೆ ರೋಮನ್ ಅಕ್ಷರಗಳ ಗೊಂದಲವಷ್ಟೇ ಕೇಳಿಸುತ್ತಿತ್ತು. ಆ ಪುಟಗಳು ಅವರ ಪಾಲಿಗೆ ಕನ್ನಡವೇ ಆಗಿರಲಿಲ್ಲ.