ಇನ್ನೂ ಸ್ವಲ್ಪ ದೊಡ್ಡದು ಮಾಡು

ಹೊಸ ಲ್ಯಾಪ್‌ಟಾಪ್ ತಗೊಂಡಾಗೆಲ್ಲ ನಾನು ಮೊದಲು ಹಾಕಿಕೊಳ್ಳೋದು ಇರ್ಫಾನ್‌ವ್ಯೂ. ಅದೇ, ಕೆಂಪು ಬೆಕ್ಕಿನ ಐಕಾನ್ ಇರೋದು. ಆಫೀಸಿನ ಹುಡುಗರು ನಗ್ತಾರೆ. ‘ಫೋಟೋ ನೋಡೋಕೂ ಒಂದು ಸಾಫ್ಟ್‌ವೇರಾ? ಡಬಲ್ ಕ್ಲಿಕ್ ಮಾಡಿದ್ರೆ ತೆರೆಯಲ್ವಾ?’ ತೆರೆಯುತ್ತಪ್ಪಾ. ಆದರೆ ಒಂದು ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ.

ಜೆಪೆಗ್ ಮಾನಕ ಬಂದದ್ದು 1992ರಲ್ಲಿ. ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿಡುವ ಉಪಾಯ ಅದು. ಡಿಸ್ಕಿನಲ್ಲಿ ಜಾಗ ಉಳೀತು, ಆದರೆ ಹಿಂಡಿದ್ದನ್ನು ಮತ್ತೆ ಬಿಡಿಸುವ ಕೆಲಸ ಪ್ರೊಸೆಸರಿನ ತಲೆಮೇಲೆ ಬಿತ್ತು. 486 ಕಂಪ್ಯೂಟರಿನಲ್ಲಿ ಚಿತ್ರ ಅಂಗಡಿ ಶಟರ್ ಥರ ಮೇಲಿಂದ ಕೆಳಕ್ಕೆ, ಪಟ್ಟಿಪಟ್ಟಿಯಾಗಿ ಇಳೀತಿತ್ತು. 1994ರಲ್ಲಿ ಬಂದ ಎಸಿಡಿಸೀ ಹೆಸರು ಮಾಡಿದ್ದೇ ಈ ಬಿಡಿಸುವ ವೇಗಕ್ಕೆ. ಆಮೇಲೆ ಅದು ಇನ್ನೊಂದು ಜಾಣತನ ಕಲಿತುಕೊಂಡಿತು: ನೀವು ಒಂದು ಚಿತ್ರ ನೋಡ್ತಾ ಕೂತಿರುವಾಗ ಹಿಂದಿನಿಂದ ಮುಂದಿನದನ್ನು ಬಿಡಿಸಿ ಸಿದ್ಧವಾಗಿಟ್ಟಿರೋದು. ಕಂಪ್ಯೂಟರಿನ ಸ್ಲೈಡ್‌ಶೋ ನೋಡುವ ಹಾಗಾದದ್ದು ಇಂಥ ಉಪಾಯಗಳಿಂದ. ಕೊಡಾಕ್ ಕರೋಸೆಲ್ ಪ್ರೊಜೆಕ್ಟರಿನಲ್ಲಿ ತಟ್ಟೆಗೆ 80 ಸ್ಲೈಡು, ಎರಡರ ಮಧ್ಯೆ ಕಟಕ್ ಅನ್ನೋ ಸದ್ದು, ಒಂದು ಕ್ಷಣ ಕತ್ತಲೆ. ಇಲ್ಲಿ ಆ ಕತ್ತಲೆಯೂ ಇಲ್ಲ.

1996ರಲ್ಲಿ ಇರ್ಫಾನ್‌ವ್ಯೂ ಬಂತು. ಬರೆದವರು ಬೋಸ್ನಿಯಾದ ಯಾಯ್ಟ್ಸೆ ಊರಿನವರಾದ, ವಿಯೆನ್ನಾದಲ್ಲಿ ಓದಿದ ಇರ್ಫಾನ್ ಸ್ಕಿಲ್ಯಾನ್. ಮನೆ ಬಳಕೆಗೆ ಪುಕ್ಕಟೆ, ಗಾತ್ರ ಕೆಲವೇ ಎಂಬಿ. ಇದಕ್ಕೆ ಆಲ್ಬಂ ಇಲ್ಲ, ಲೈಬ್ರರಿ ಇಲ್ಲ. ಫೈಲು ತೆರೀತು, ತೋರಿಸ್ತು, ಮುಚ್ತು.

2001ರ ವಿಂಡೋಸ್ ಎಕ್ಸ್‌ಪಿ ತನ್ನದೇ ವ್ಯೂಯರ್ ಹೊತ್ತು ತಂದ ಮೇಲೆ ಬಹಳಷ್ಟು ಜನ ಬೇರೆಯದನ್ನು ಹುಡುಕೋದನ್ನೇ ಬಿಟ್ಟರು. ಎಫ್ 11 ಒತ್ತಿದರೆ ಸ್ಲೈಡ್‌ಶೋ, ಕೆಳಗೆ ತಿರುಗಿಸೋ ಬಟನ್. ಆ ಬಟನ್ ಮಾತ್ರ ಬರೀ ನೋಟದ್ದಲ್ಲ. ಒತ್ತಿದರೆ ಮೂಲ ಫೈಲನ್ನೇ ತಿದ್ದಿ ಬರೀತಿತ್ತು. ಕೆಲವು ಅಳತೆಯ ಚಿತ್ರಗಳಿಗೆ ‘ಗುಣಮಟ್ಟ ಶಾಶ್ವತವಾಗಿ ಕಡಿಮೆಯಾಗಬಹುದು’ ಎಂಬ ಅರ್ಥದ ಎಚ್ಚರಿಕೆ ಬರ್ತಿತ್ತು. ನಾವು ಓದದೇ ಯೆಸ್ ಒತ್ತಿದವರೇ.

ಕೊಡಾಕ್ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿದ 2004ರಲ್ಲೇ ಗೂಗಲ್ ಪಿಕಾಸಾವನ್ನು ಕೊಂಡು ಉಚಿತವಾಗಿ ಹಂಚಿತು. ಚೆಂದ ಅಂದ್ರೆ ಚೆಂದ. ಸ್ಲೈಡ್‌ಶೋ, ಝೂಮ್ ಎರಡರಲ್ಲೂ ನುಣುಪು ಅದರದ್ದೇ. ಇರ್ಫಾನ್‌ವ್ಯೂ ಪಕ್ಕದಲ್ಲಿ ಗುಮಾಸ್ತನ ಹಾಗೆ ಕಾಣ್ತಿತ್ತು. ನೀವು ಏನೇ ತಿದ್ದಿದರೂ ಮೂಲ ಹಾಗೇ ಇರ್ತಿತ್ತು. 2009ರಲ್ಲಿ ಮುಖ ಗುರುತಿಸೋದೂ ಬಂತು.

ಅಜ್ಜಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದು ಆಗಲೇ. ಸ್ಕ್ಯಾನ್ ಮಾಡಿದ ಹಳೇ ಮದುವೆ ಫೋಟೋ, ನಲವತ್ತು ಜನ. ‘ಇನ್ನೂ ಸ್ವಲ್ಪ ದೊಡ್ಡದು ಮಾಡು’ ಅಂತಾಳೆ. ಮಾಡಿದೆ. ಮುಖ ಮಂಜಾಯ್ತು. ‘ಇನ್ನೂ.’ ಝೂಮ್ ಹೊಸದೇನನ್ನೂ ತರೋದಿಲ್ಲ, ಅಜ್ಜಿ. ಫೈಲಿನಲ್ಲಿ ಇರೋ ಚುಕ್ಕಿ ಇಷ್ಟೇ. ಕೆಲವು ವ್ಯೂಯರ್‌ಗಳು ಅವನ್ನು ಚೌಕಚೌಕವಾಗಿ ತೋರಿಸ್ತವೆ, ಕೆಲವು ಮಧ್ಯದ ಬಣ್ಣ ಊಹಿಸಿ ನುಣ್ಣಗೆ ಮಾಡ್ತವೆ. ಇರ್ಫಾನ್‌ವ್ಯೂನಲ್ಲಿ ಅಳತೆ ಹಿಗ್ಗಿಸೋಕೆ ಲಾಂಕ್ಸೋಸ್ ಅನ್ನೋ ಹಂಗೇರಿಯ ಗಣಿತಜ್ಞನ ಹೆಸರಿನ ವಿಧಾನವೇ ಇದೆ. ಅದೂ ಊಹೆಯೇ. ಅಜ್ಜಿ ಕೊನೆಗೆ ‘ಹಿಂದೆ ಸರಿಸು’ ಅಂದಳು. ಇಡೀ ಫೋಟೋ ಕಾಣಿಸಿದ ತಕ್ಷಣ ಹೇಳಿದಳು, ನಿಂತ ಭಂಗಿ ನೋಡಿ: ‘ನಮ್ಮ ದೊಡ್ಡಪ್ಪನ ಮಗ ಅವನು.’

ಒಂದು ಬೇಸಿಗೆ ಪೂರ್ತಿ ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಹೆಸರು ಫೋಟೋದೊಳಗೇ ಕೂರುತ್ತೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಮುಖದ ಚೌಕ ಎಲ್ಲಿದೆ ಅನ್ನೋದು ಫೋಲ್ಡರಿನಲ್ಲಿದ್ದ ಪುಟ್ಟ ಐಎನ್‌ಐ ಫೈಲಿನಲ್ಲಿ, ಆ ಚೌಕ ಯಾರದ್ದು ಅನ್ನೋದು ಇನ್ನೆಲ್ಲೋ ಇದ್ದ ಇನ್ನೊಂದು ಫೈಲಿನಲ್ಲಿ. ಮೂಲ ಮುಟ್ಟಬಾರದು ಅನ್ನೋ ಒಳ್ಳೇ ಗುಣದ ಇನ್ನೊಂದು ಮುಖ ಅದು. ಫೋಟೋ ಮಾತ್ರ ಕಾಪಿ ಮಾಡಿಕೊಂಡು ಹೋದರೆ ಹೆಸರು ಹಿಂದೆಯೇ ಉಳಿಯುತ್ತೆ. ಹೆಸರನ್ನು ಫೋಟೋದಲ್ಲೇ ಬರೆಯುವ ಆಯ್ಕೆ ನಂತರದ ಆವೃತ್ತಿಯಲ್ಲಿ ಬಂತು. ಸೆಟ್ಟಿಂಗ್ಸ್ ತೆಗೆದು ನೋಡುವ ಜಾತಿ ನಾನಲ್ಲ.

2016ರ ಮಾರ್ಚ್ 15ಕ್ಕೆ ಡೆಸ್ಕ್‌ಟಾಪ್ ಪಿಕಾಸಾಗೆ ಬೆಂಬಲ ನಿಂತಿತು. ಹಾಕಿಕೊಂಡಿದ್ದು ಓಡ್ತಾನೇ ಇತ್ತು, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಈಗಲೂ ಓಡುತ್ತೆ. ಅಜ್ಜಿ ಇಲ್ಲ. ಬ್ಯಾಟರಿ ಸತ್ತಿದೆ, ಚಾರ್ಜರ್ ಕಿತ್ತರೆ ಪರದೆ ಕಪ್ಪು.

ಈಗ ಭಾನುವಾರಗಳಲ್ಲಿ ಎರಡೂ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟುಕೊಂಡು ಕೂರ್ತೀನಿ. ಹಳೇದರಲ್ಲಿ ಪಿಕಾಸಾ, ಹೊಸದರಲ್ಲಿ ಇರ್ಫಾನ್‌ವ್ಯೂ. ಅಲ್ಲಿ ಹೆಸರು ನೋಡೋದು, ಇಲ್ಲಿ ಐ ಒತ್ತಿ ಫೋಟೋದ ಮಾಹಿತಿ ತೆರೆದು, ಐಪಿಟಿಸಿ ವಿವರದಲ್ಲಿ ಬರೆಯೋದು. ಇದು ಫೈಲಿನೊಳಗೇ ಕೂರುತ್ತೆ, ಬೇರೆ ವ್ಯೂಯರ್‌ಗಳೂ ಓದಬಲ್ಲವು. ಹೋದ ವಾರ ಆ ಮದುವೆ ಫೋಟೋ ಬಂತು. ‘ಹಿಂದಿನ ಸಾಲು, ಎಡದಿಂದ ಮೂರನೆಯವನು, ಅಜ್ಜಿಯ ದೊಡ್ಡಪ್ಪನ ಮಗ’ ಅಂತ ಬರೆದು ಉಳಿಸಿ, ಸ್ಪೇಸ್ ಬಾರ್ ಒತ್ತಿದೆ.